ಸೂಟ್‌ಕೇಸಿನಲ್ಲಿ ಬಂದ ಸ್ವಿಚ್ 2: ಓದುಗರು ಕೇಳಿದ್ದು, ನಾವು ಹೇಳಿದ್ದು

ಕೈಯಲ್ಲಿ ಹಿಡಿದೂ ಟಿವಿಗೆ ಹಾಕಿಯೂ ಆಡಬಹುದಾದ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್ 2 ಅಮೆರಿಕ, ಜಪಾನ್, ಯುರೋಪುಗಳಲ್ಲಿ 2025ರ ಜೂನ್ 5ರಂದು ಅಂಗಡಿಗೆ ಬಂತು. ಮೊದಲ ನಾಲ್ಕು ದಿನಕ್ಕೇ 35 ಲಕ್ಷಕ್ಕೂ ಮಿಕ್ಕಿ ಖರ್ಚಾಯಿತೆಂದು ಕಂಪನಿಯೇ ಪ್ರಕಟಿಸಿತು. ಬಿಡುಗಡೆಯ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಆದರೂ ಬೆಂಗಳೂರಿನ ಮನೆಗಳಿಗೆ ಅದು ಬರುತ್ತಿದೆ, ಕೆಲವು ನೆಂಟರ ಸೂಟ್‌ಕೇಸಿನಲ್ಲಿ, ಕೆಲವು ಮೆಜೆಸ್ಟಿಕ್ ಕಡೆಯ ಅಂಗಡಿಗಳ ಮೂಲಕ. ನಮಗೆ ಬಂದ ಪತ್ರಗಳಲ್ಲಿ ಆಟ ಹೇಗಿದೆ ಎಂದು ಕೇಳಿದವರು ಕಡಿಮೆ. ಪ್ಲಗ್ಗು, ಕಾರ್ಡು, ಖಾತೆ, ಟಿವಿ ಇವೇ ಹೆಚ್ಚಿನವರ ತಲೆನೋವು. ನ್ಯಾಯವಾಗಿಯೇ ಇದೆ: ಯಂತ್ರದ ಮೇಲೆ ದೂರು ಹೇಳುವಂಥದ್ದು ಹೆಚ್ಚೇನಿಲ್ಲ, ಪೇಚಾಟವೆಲ್ಲ ಅದರ ಸುತ್ತಮುತ್ತಲಿನದು.

ಪ್ರಶ್ನೆ: ಮನೆಯಲ್ಲಿ ಹಳೆಯ ಸ್ವಿಚ್ ಓಎಲ್‌ಇಡಿ ಇದೆ. ಹೊಸದು ಕೈಗೆತ್ತಿಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆಯೇ? — ಮಲ್ಲೇಶ್ವರದ ಓದುಗರು

ಗೊತ್ತಾಗುತ್ತದೆ, ಆದರೆ ಎಲ್ಲವೂ ಮುಂದಕ್ಕೆ ಹೋದ ವ್ಯತ್ಯಾಸವಲ್ಲ. ಪರದೆ 7 ಇಂಚಿನಿಂದ 7.9 ಇಂಚಿಗೆ ಬೆಳೆದಿದೆ. ಚಿತ್ರದ ಸ್ಪಷ್ಟತೆ (ರೆಸಲ್ಯೂಶನ್) 720 ಇದ್ದದ್ದು 1080 ಆಗಿದೆ. ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ ಶಕ್ತಿಯೂ ಬಂದಿದೆ. ಅಕ್ಷರಗಳು, ನಕ್ಷೆಗಳು ಕಡೆದಿಟ್ಟ ಹಾಗೆ ಕಾಣುತ್ತವೆ. ಆದರೆ ಇದು ಎಲ್‌ಸಿಡಿ. ಓಎಲ್‌ಇಡಿಯ ಕಡುಗಪ್ಪು ನೋಡಿ ಪಳಗಿದ ಕಣ್ಣಿಗೆ ಇಲ್ಲಿನ ರಾತ್ರಿ ದೃಶ್ಯ ಬೂದುಬೂದು ಅನ್ನಿಸುತ್ತದೆ. ವೇಗವಾಗಿ ಸರಿಯುವ ದೃಶ್ಯಗಳ ಅಂಚು ಸ್ವಲ್ಪ ಮಸುಕಾಗುತ್ತದೆ. ಎಚ್‌ಡಿಆರ್ (ಕತ್ತಲೆ ಬೆಳಕುಗಳ ಅಂತರವನ್ನು ಹಿಗ್ಗಿಸಿ ತೋರಿಸುವ ತಂತ್ರ) ಇದೆ ಎಂದು ಪೆಟ್ಟಿಗೆ ಹೇಳಿದರೂ ಕೈಯಲ್ಲಿ ಹಿಡಿದು ಆಡುವಾಗ ಅದಕ್ಕೆ ಬೇಕಾದಷ್ಟು ಬೆಳಕು ಈ ಪರದೆಗಿಲ್ಲ.

ತೂಕ ಜಾಯ್‌ಕಾನ್ (ಎಡ ಬಲ ಬದಿಗೆ ಕೂರುವ ಕಂಟ್ರೋಲರ್) ಸೇರಿ ಸುಮಾರು 534 ಗ್ರಾಂ. ಮಲಗಿ ಆಡುವವರ ಮಣಿಕಟ್ಟಿಗೆ ಅರ್ಧ ಗಂಟೆಯೊಳಗೆ ಲೆಕ್ಕ ಸಿಗುತ್ತದೆ. ಜಾಯ್‌ಕಾನ್ ಈಗ ಕಂಬಿಯಲ್ಲಿ ಜಾರುವುದಿಲ್ಲ, ಅಯಸ್ಕಾಂತದಿಂದ ಟಕ್ಕೆಂದು ಕೂರುತ್ತದೆ. ಬಿಡಿಸಲು ಹಿಂಬದಿಯ ಗುಂಡಿ ಒತ್ತಬೇಕು, ಸುಮ್ಮನೆ ಎಳೆಯಬೇಡಿ.

ನಿಜವಾದ ಲಾಭ ವೇಗದಲ್ಲಿದೆ. ಪೊಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್ ಹಳೆಯ ಯಂತ್ರದಲ್ಲಿ ತಡವರಿಸುತ್ತಿದ್ದವು. ಉಚಿತ ಅಪ್‌ಡೇಟ್ ಹಾಕಿದ ಮೇಲೆ ಇಲ್ಲಿ ಸರಾಗವಾಗಿ ಓಡುತ್ತವೆ. ಎರಡು ಝೆಲ್ಡಾ ಆಟಗಳ ಸುಧಾರಿತ ರೂಪಕ್ಕೆ ಮಾತ್ರ ತಲಾ 9.99 ಡಾಲರ್ ಬೇರೆ ಕೊಡಬೇಕು. ನಿಮ್ಮ ಆಟವೆಲ್ಲ ಟಿವಿಯ ಮುಂದೆಯೇ ನಡೆಯುವುದಾದರೆ ಬದಲಿಸಿ. ಹಾಸಿಗೆಯಲ್ಲೇ ಆಡುವವರಾದರೆ ಓಎಲ್‌ಇಡಿಯನ್ನು ಇನ್ನೊಂದು ವರ್ಷ ದುಡಿಸಿಕೊಳ್ಳಿ.

ಪ್ರಶ್ನೆ: ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲೇ ಏನೇನು ನೋಡಬೇಕು? — ರಾಜಾಜಿನಗರ

ಮೊದಲು ಬೆಲೆಯ ಅಂದಾಜು ಇರಲಿ. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 449.99 ಡಾಲರ್, ಮಾರಿಯೊ ಕಾರ್ಟ್ ವರ್ಲ್ಡ್ ಆಟ ಸೇರಿದ್ದಕ್ಕೆ 499.99. ಡಾಲರಿಗೆ 86 ರೂಪಾಯಿ ಹಿಡಿದರೆ ಬರಿಯ ಯಂತ್ರಕ್ಕೇ ಸುಮಾರು 38,700 ರೂಪಾಯಿ ಆಗುತ್ತದೆ. ಅಲ್ಲಿನ ಮಾರಾಟ ತೆರಿಗೆ, ಇಲ್ಲಿನ ಸುಂಕ, ಅಂಗಡಿಯವರ ಲಾಭ ಇದರ ಮೇಲೆ. ಯಾರಾದರೂ ಇದಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದರೆ ಖುಷಿಪಡುವ ಮೊದಲು ಕಾರಣ ಕೇಳಿ. ಅದು ಜಪಾನೀ ಆವೃತ್ತಿಯಾಗಿರಬಹುದು, ಅಥವಾ ಬಳಸಿದ ಮಾಲಾಗಿರಬಹುದು.

ಪೆಟ್ಟಿಗೆಯೊಳಗೆ ಇರಬೇಕಾದವು: ಕನ್ಸೋಲ್, ಎಡ ಬಲ ಜಾಯ್‌ಕಾನ್ 2, ಅವನ್ನು ಜೋಡಿಸುವ ಹಿಡಿ, ಎರಡು ಪಟ್ಟಿ, ಡಾಕ್ (ಟಿವಿಗೆ ಜೋಡಿಸಲು ಯಂತ್ರವನ್ನು ಕೂರಿಸುವ ತೊಟ್ಟಿಲು), ಎಚ್‌ಡಿಎಂಐ ಕೇಬಲ್, ಅಡಾಪ್ಟರ್, ಯುಎಸ್‌ಬಿ ಸಿ ಕೇಬಲ್. ಆಮದು ಮಾಲಿನಲ್ಲಿ ಅಡಾಪ್ಟರನ್ನು ತೆಗೆದು ಬೇರೆಯದನ್ನು ಇಡುವವರಿದ್ದಾರೆ. ಅಡಾಪ್ಟರ್ ಮೇಲೆ ನಿಂಟೆಂಡೊ ಹೆಸರು, 20 ವೋಲ್ಟ್ 3 ಆಂಪಿಯರ್ ಎಂಬ ಬರಹ ಇರಬೇಕು.

ಆಮೇಲೆ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಯಂತ್ರವನ್ನು ನೆಟ್‌ಗೆ ಸೇರಿಸಿ. ಹೊಸ ಮಾಲಿಗೂ ಇದು ಒಳ್ಳೆಯದು, ಬಳಸಿದ್ದಕ್ಕಂತೂ ಇದಿಲ್ಲದೆ ದುಡ್ಡು ಕೊಡಲೇಬೇಡಿ. ನಕಲಿ ಆಟಗಳ ಕಾರ್ಟ್ರಿಜ್ ಹಾಕಿ ಸಿಕ್ಕಿಬಿದ್ದ ಯಂತ್ರಗಳನ್ನು ನಿಂಟೆಂಡೊ ತನ್ನ ಆನ್‌ಲೈನ್ ಸೇವೆಯಿಂದ ಹೊರಗಿಡುತ್ತದೆ. 2124-4508 ಎಂಬ ದೋಷಸಂಖ್ಯೆ ಕಂಡರೆ ಅದೇ ಕತೆ. ಈ ನಿಷೇಧ ಖಾತೆಗೆ ಹತ್ತಿದ್ದಲ್ಲ, ಯಂತ್ರಕ್ಕೇ ಹತ್ತಿದ್ದು. ಮಾಲೀಕ ಬದಲಾದರೂ, ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೂ ಹೋಗುವುದಿಲ್ಲ. ನಿಂಟೆಂಡೊದ ಆನ್‌ಲೈನ್ ಅಂಗಡಿಯಾದ ಇ-ಶಾಪ್ ಒಳಗೆ ಹೋಗದ ಯಂತ್ರದಲ್ಲಿ ಅಪ್‌ಡೇಟಿಗೂ ಡೌನ್‌ಲೋಡಿಗೂ ಪರದಾಡಬೇಕಾಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿ ಸೀರಿಯಲ್ ಸಂಖ್ಯೆ ಸಿಗುತ್ತದೆ, ಪೆಟ್ಟಿಗೆಯ ಮೇಲಿನದಕ್ಕೆ ತಾಳೆ ಹಾಕಿ. ಜಾಯ್‌ಕಾನ್‌ಗಳ ಎರಡೂ ಕಡ್ಡಿಗಳನ್ನು (ಸ್ಟಿಕ್) ಕ್ಯಾಲಿಬ್ರೇಶನ್ ಪರದೆಯಲ್ಲಿ ಸುತ್ತಿಸಿ ನೋಡಿ. ಕೈಬಿಟ್ಟಾಗ ಚುಕ್ಕೆ ನಡುವಿಗೆ ಬಂದು ನಿಲ್ಲಬೇಕು. ಡಾಕನ್ನು ಅಂಗಡಿಯ ಟಿವಿಗೆ ಹಾಕಿಸಿ ಚಿತ್ರ ಬರುವುದನ್ನು ಕಣ್ಣಾರೆ ನೋಡಿ. ಬಿಲ್ಲು, ಅದರ ಮೇಲೆ ಸೀರಿಯಲ್ ಸಂಖ್ಯೆ, ಅಂಗಡಿಯವರು ಎಷ್ಟು ದಿನ ಜವಾಬ್ದಾರಿ ಹೊರುತ್ತಾರೆಂಬ ಬರಹ, ಈ ಮೂರೂ ಕಾಗದದಲ್ಲಿ ಇರಲಿ. ಬಾಯಿಮಾತಿನ ವಾರಂಟಿ ಅಂಗಡಿಯ ಮೆಟ್ಟಿಲಿಳಿಯುವ ತನಕ ಮಾತ್ರ.

ಪ್ರಶ್ನೆ: ಜಪಾನಿನಲ್ಲಿ ತುಂಬಾ ಅಗ್ಗವಂತೆ. ಅಲ್ಲಿರುವ ಅಣ್ಣನ ಕೈಲಿ ತರಿಸಲೇ? — ಬಸವನಗುಡಿ

ಯಾವುದು ಅಗ್ಗ ಎಂದು ಅಣ್ಣನಿಗೆ ಮೊದಲು ತಿಳಿಸಿ. 2025ರಲ್ಲಿ 49,980 ಯೆನ್ನಿಗೆ ಬಿಡುಗಡೆಯಾದದ್ದು ಜಪಾನೀ ಭಾಷೆ ಮಾತ್ರ ಇರುವ ಆವೃತ್ತಿ. ಅದರ ಮೆನುವನ್ನು ಇಂಗ್ಲಿಷಿಗೆ ತಿರುಗಿಸಲಾಗದು. ದೇಶ ಜಪಾನ್ ಎಂದಿರುವ ನಿಂಟೆಂಡೊ ಖಾತೆಯನ್ನು ಮಾತ್ರ ಸೇರಿಸಬಹುದು. ಎಲ್ಲ ಭಾಷೆಯ ಆವೃತ್ತಿಗೆ ಅಲ್ಲೂ ಆಗ 69,980 ಯೆನ್ ಇತ್ತು. ಅಷ್ಟು ಕೊಡುವುದಾದರೆ ಸಿಂಗಪುರದಿಂದಲೋ ಅಮೆರಿಕದಿಂದಲೋ ತರಿಸಿದರಾಯಿತು.

ಪ್ರಶ್ನೆ: ಅಮೆರಿಕದ ಅಡಾಪ್ಟರಿಗೆ ಟ್ರಾನ್ಸ್‌ಫಾರ್ಮರ್ ಬೇಕೇ? ಹಳೆಯ ಸ್ವಿಚ್‌ನ ಅಡಾಪ್ಟರ್, ಡಾಕ್ ನಡೆಯುವುದಿಲ್ಲವೇ? — ವಿಜಯನಗರ

ಅಡಾಪ್ಟರಿನ ಮೇಲಿನ ಇನ್‌ಪುಟ್ ಸಾಲು ಓದಿ. 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರ ಹಾಕಬಹುದು. ಟ್ರಾನ್ಸ್‌ಫಾರ್ಮರ್ ದಂಡ. ಬೇಕಾಗುವುದು ಪ್ಲಗ್ಗಿನ ಆಕಾರ ಬದಲಿಸುವ ತುಂಡು ಮಾತ್ರ. ಎಲ್ಲ ದೇಶದ ಪಿನ್ನೂ ತೂರುವ ಹಗುರದ ಪ್ಲಾಸ್ಟಿಕ್ ತುಂಡುಗಳಲ್ಲಿ ಒಳಗಿನ ತಗಡು ಸಡಿಲ. ಅಡಾಪ್ಟರಿನ ಭಾರಕ್ಕೆ ಅದು ಜೋತುಬೀಳುತ್ತದೆ, ಸಡಿಲಾದ ಕಡೆ ಕಿಡಿ ಹಾರುತ್ತದೆ. ಎಸ್.ಪಿ. ರಸ್ತೆಯಲ್ಲಿ ನಿಮ್ಮ ಅಡಾಪ್ಟರನ್ನೇ ತೋರಿಸಿ ಬಿಗಿಯಾಗಿ ಕೂರುವುದನ್ನು ಆರಿಸಿ, ಇಲ್ಲವೇ ಚಪ್ಪಟೆ ಪಿನ್ ಕೂರುವ ಸ್ಪೈಕ್ ಗಾರ್ಡ್ ಕೊಳ್ಳಿ.

ಹಳೆಯ ಸ್ವಿಚ್‌ನ ಅಡಾಪ್ಟರ್ 39 ವ್ಯಾಟಿನದು. ಹೊಸ ಯಂತ್ರವನ್ನು ನಿಧಾನಕ್ಕೆ ಚಾರ್ಜ್ ಮಾಡೀತು, ಆದರೆ ಹೊಸ ಡಾಕಿಗೆ ಅದರ ಶಕ್ತಿ ಸಾಲದು, ಟಿವಿಯಲ್ಲಿ ಚಿತ್ರ ಬರುವುದಿಲ್ಲ. ಡಾಕ್ ಕೆಟ್ಟಿದೆ ಎಂದು ಬರೆದ ಮೂವರು ಓದುಗರಿಗೂ ಇದೇ ಉತ್ತರ: ಯಾವ ಅಡಾಪ್ಟರ್ ಸಿಕ್ಕಿಸಿದ್ದೀರಿ ಎಂದು ಒಮ್ಮೆ ನೋಡಿ. ಲ್ಯಾಪ್‌ಟಾಪಿನ 65 ವ್ಯಾಟ್ ಪಿಡಿ (ಯುಎಸ್‌ಬಿ ಸಿ ವೇಗದ ಚಾರ್ಜಿಂಗ್) ಚಾರ್ಜರ್ ನೇರ ಚಾರ್ಜಿಗೆ ಆಗುತ್ತದೆ, ಡಾಕಿಗೆ ಮಾತ್ರ ಜೊತೆಗೆ ಬಂದದ್ದನ್ನೇ ಬಳಸಿ. ಹಳೆಯ ಡಾಕ್ ಹೊಂದುವುದಿಲ್ಲ. ಮೊದಲ ಸ್ವಿಚ್‌ಗೆಂದು ಬೇರೆ ಕಂಪನಿಗಳು ಮಾಡಿದ ಡಾಕುಗಳೂ ಬಹುತೇಕ ಕೈಕೊಡುತ್ತವೆ. ಹಳೆಯ ಜಾಯ್‌ಕಾನ್ ಮತ್ತು ಪ್ರೊ ಕಂಟ್ರೋಲರ್ ನಿಸ್ತಂತುವಾಗಿ ನಡೆಯುತ್ತವೆ. ಆದರೆ ಮಲಗಿದ ಯಂತ್ರವನ್ನು ಎಬ್ಬಿಸುವ ಶಕ್ತಿ ಅವಕ್ಕಿಲ್ಲ. ಹಳೆಯ ಜಾಯ್‌ಕಾನ್ ಚಾರ್ಜ್ ಮಾಡಲು ಹಳೆಯ ಯಂತ್ರವೋ ಚಾರ್ಜಿಂಗ್ ಹಿಡಿಯೋ ಬೇಕು, ಮಾರಿಬಿಡುವ ಮೊದಲು ಯೋಚಿಸಿ.

ಪ್ರಶ್ನೆ: 4ಕೆ ಟಿವಿಗೆ ಹಾಕಿದ್ದೇನೆ. ಬಣ್ಣವೆಲ್ಲ ತೊಳೆದು ಹೋದಂತಿದೆ, ಹಳೆಯ ಆಟಗಳಂತೂ ಇನ್ನೂ ಕೆಟ್ಟದಾಗಿ ಕಾಣುತ್ತವೆ. ಜೊತೆಗೆ ಸೌಂಡ್‌ಬಾರಿನಲ್ಲಿ ಐದು ದಿಕ್ಕಿನ ಶಬ್ದ ಬರುತ್ತಿಲ್ಲ. — ಜೆ.ಪಿ. ನಗರ

ಈ ತಿಂಗಳು ಅತಿ ಹೆಚ್ಚು ಬಂದ ದೂರು ಇದು. ಹತ್ತರಲ್ಲಿ ಒಂಬತ್ತು ಸಲ ಟಿವಿಯ ಸೆಟ್ಟಿಂಗಿನಲ್ಲೇ ಸರಿಹೋಗುವಂಥದ್ದು. ಈ ಕ್ರಮದಲ್ಲಿ ಹೋಗಿ.

ಗೋಡೆಯೊಳಗೆ ಮೊದಲೇ ಎಳೆದಿಟ್ಟ ಹಳೆಯ ಎಚ್‌ಡಿಎಂಐ ಕೇಬಲ್ ಬಿಟ್ಟು ಪೆಟ್ಟಿಗೆಯಲ್ಲಿ ಬಂದ ಅಲ್ಟ್ರಾ ಹೈಸ್ಪೀಡ್ ಕೇಬಲನ್ನು ನೇರ ಟಿವಿಗೆ ಹಾಕಿ. ಈಗ ಆ ಪೋರ್ಟಿನ ಪೂರ್ಣ ಸಾಮರ್ಥ್ಯ ತೆರೆಯಬೇಕು. ಕಾರ್ಖಾನೆಯಿಂದ ಬರುವಾಗ ಹಲವು ಟಿವಿಗಳಲ್ಲಿ ಅದು ಮುಚ್ಚಿರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್. ನಂತರ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಪಾತ್ರ ಹಾರುವುದಕ್ಕೂ ನಡುವೆ ಕಾಣುವಷ್ಟು ಅಂತರ ಬೀಳುತ್ತದೆ.

ಬಣ್ಣ ತೊಳೆದಂತೆ ಕಾಣಲು ಕಾರಣ ಎಚ್‌ಡಿಆರ್. ಕನ್ಸೋಲಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ಔಟ್‌ಪುಟ್ ಸದಾ ಆನ್ ಇದ್ದರೆ, ಎಚ್‌ಡಿಆರ್ ಇಲ್ಲದೆ ತಯಾರಾದ ಹಳೆಯ ಆಟಗಳೂ ಆ ದಾರಿಯಲ್ಲೇ ಹೋಗುತ್ತವೆ. ಅದನ್ನು ಬೆಂಬಲವಿರುವ ಆಟಗಳಿಗೆ ಮಾತ್ರ ಎಂದು ಬದಲಿಸಿ. ಆಮೇಲೆ ಹೊಂದಾಣಿಕೆ. ಟಿವಿಯಲ್ಲಿ ಟೋನ್ ಮ್ಯಾಪಿಂಗ್ ಎಂಬಲ್ಲಿ ಎಚ್‌ಜಿಐಜಿ ಇದ್ದರೆ ಮೊದಲು ಅದನ್ನು ಆರಿಸಿ, ನಂತರವೇ ಕನ್ಸೋಲಿನ ಎಚ್‌ಡಿಆರ್ ಹೊಂದಾಣಿಕೆ ತೆರೆಯಿರಿ. ಕ್ರಮ ತಿರುವುಮುರುವಾದರೆ ಟಿವಿ ಒಂದು ಕಡೆ ಬೆಳಕು ತಗ್ಗಿಸುತ್ತದೆ, ಕನ್ಸೋಲ್ ಇನ್ನೊಂದು ಕಡೆ ಏರಿಸುತ್ತದೆ, ಮೋಡವೆಲ್ಲ ಬಿಳಿ ತೇಪೆಯಾಗುತ್ತದೆ. 30-35 ಸಾವಿರದೊಳಗಿನ 4ಕೆ ಟಿವಿಗಳ ವಿಷಯದಲ್ಲಿ ನಮ್ಮ ಮಾತು ಇಷ್ಟೇ: ಎಚ್‌ಡಿಆರ್ ಪೂರ್ತಿ ಆಫ್ ಮಾಡಿಬಿಡಿ. ಅಷ್ಟು ಬೆಳಕು ಅವಕ್ಕಿಲ್ಲ, ಆಫ್ ಮಾಡಿದರೆ ಚಿತ್ರ ಚೆಲುವಾಗುತ್ತದೆ.

ಡಾಕ್ ಕೊಡುವುದು 4ಕೆಯಲ್ಲಿ 60 ಹರ್ಟ್ಸ್. 120 ಬೇಕಿದ್ದರೆ 1440 ಅಥವಾ 1080ಕ್ಕೆ ಇಳಿಯಬೇಕು. ಟಿವಿಯಲ್ಲಿ ವಿಆರ್‌ಆರ್ (ಆಟದ ವೇಗಕ್ಕೆ ತಕ್ಕಂತೆ ಪರದೆ ಚಿತ್ರ ಬದಲಿಸುವ ಸೌಲಭ್ಯ) ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ, ಬಿಡುಗಡೆಯಲ್ಲಿ ಅದು ಕೈಪರದೆಗೆ ಮಾತ್ರ ಬಂದದ್ದು.

ಶಬ್ದ: ಸ್ವಿಚ್ 2 ಡಾಲ್ಬಿ ಕೊಡುವುದಿಲ್ಲ, ಕುಗ್ಗಿಸದ 5.1 ಪಿಸಿಎಂ ಕೊಡುತ್ತದೆ. ಟಿವಿಯಿಂದ ಸೌಂಡ್‌ಬಾರಿಗೆ ಶಬ್ದ ಕಳಿಸುವ ಸಾಮಾನ್ಯ ಎಆರ್‌ಸಿ ಪೋರ್ಟಿನಲ್ಲಿ ಇದರ ಎರಡು ವಾಹಿನಿ ಮಾತ್ರ ದಾಟುತ್ತವೆ. ಟಿವಿ, ಸೌಂಡ್‌ಬಾರ್ ಎರಡರಲ್ಲೂ ಇ-ಎಆರ್‌ಸಿ ಇರಬೇಕು, ಟಿವಿಯ ಡಿಜಿಟಲ್ ಔಟ್‌ಪುಟ್ ಪಾಸ್‌ಥ್ರೂನಲ್ಲಿರಬೇಕು, ಕನ್ಸೋಲಿನಲ್ಲಿ ಟಿವಿ ಸೌಂಡ್ ಸರೌಂಡ್ ಎಂದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎರಡೇ ದಿಕ್ಕು.

ಪ್ರಶ್ನೆ: 512 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ಹಾಕಿದರೆ ಆಟ ಇಳಿಯುತ್ತಿಲ್ಲ. ಕಾರ್ಟ್ರಿಜ್ ಕೊಂಡರೂ ಡೌನ್‌ಲೋಡ್ ಕೇಳುತ್ತದೆ! — ಯಲಹಂಕ

ಎರಡು ಬೇರೆ ಸಮಸ್ಯೆ. ಹಳೆಯ ಬಗೆಯ ಕಾರ್ಡಿನಿಂದ ಫೋಟೊ, ವಿಡಿಯೊ ನಕಲು ಮಾಡಬಹುದು, ಆಟ ಇಡಲಾಗದು. ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯೇ ಬೇಕು. ಕಾರ್ಡ್ ತಿರುಗಿಸಿದರೆ ಹಿಂದೆ ಚಿನ್ನದ ಬಣ್ಣದ ಪಿನ್ನುಗಳು ಎರಡು ಸಾಲು ಇರುತ್ತವೆ, ಮುಂದೆ ಇಎಕ್ಸ್ ಗುರುತು. ಎಕ್ಸ್‌ಟ್ರೀಮ್ ಎಂಬ ಹೆಸರು ನೋಡಿ ಎಕ್ಸ್‌ಪ್ರೆಸ್ ಎಂದುಕೊಂಡು ದುಡ್ಡು ಕಳೆದುಕೊಳ್ಳಬೇಡಿ. ಕಾರ್ಡ್ ಕೊಳ್ಳುವ ಆತುರವೂ ಬೇಡ, ಒಳಗೇ 256 ಜಿಬಿ ಇದೆ. ಸುಮಾರು 23 ಜಿಬಿಯ ಮಾರಿಯೊ ಕಾರ್ಟ್ ವರ್ಲ್ಡ್‌ನಂಥ ಸುಮಾರು ಹತ್ತು ಆಟ ಹಿಡಿದೀತು.

ನೀವು ಕೊಂಡದ್ದು ಗೇಮ್-ಕೀ ಕಾರ್ಡ್. ಅದರಲ್ಲಿ ಆಟವಿಲ್ಲ, ಬೀಗದ ಕೈ ಮಾತ್ರ. ಆಟವನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಮೇಲೂ ಆಡುವಾಗ ಕಾರ್ಡ್ ಒಳಗಿರಬೇಕು. ಪೆಟ್ಟಿಗೆಯ ಮುಂಭಾಗದ ಕೆಳಗಿನ ಪಟ್ಟಿಯಲ್ಲಿ ಕೀಲಿಯ ಚಿತ್ರ ಇರುತ್ತದೆ. ಸ್ಟ್ರೀಟ್ ಫೈಟರ್ 6 ಈ ಬಗೆಯದು, ಸೈಬರ್‌ಪಂಕ್ 2077 ಪೂರ್ತಿ ಕಾರ್ಟ್ರಿಜ್‌ನಲ್ಲೇ ಇದೆ. ಕೀ ಕಾರ್ಡನ್ನು ಇನ್ನೊಬ್ಬರಿಗೆ ಮಾರಬಹುದು ಎಂಬುದೊಂದೇ ಸಮಾಧಾನ. 23 ಜಿಬಿಯ ಆಟ 100 ಎಂಬಿಪಿಎಸ್ ಸಂಪರ್ಕದಲ್ಲಿ ಲೆಕ್ಕಕ್ಕೆ ಅರ್ಧ ಗಂಟೆ, 40ರಲ್ಲಿ ಒಂದೂಕಾಲು ಗಂಟೆ. ರೂಟರ್ ಹತ್ತಿರವಿದ್ದರೆ ಡಾಕಿನ ಹಿಂದಿರುವ ಲ್ಯಾನ್ ಪೋರ್ಟಿಗೆ ತಂತಿಯನ್ನೇ ಹಾಕಿ.

ಪ್ರಶ್ನೆ: ಇ-ಶಾಪ್‌ನಲ್ಲಿ ನಮ್ಮ ಬ್ಯಾಂಕ್ ಕಾರ್ಡ್ ತೆಗೆದುಕೊಳ್ಳುತ್ತಿಲ್ಲ. — ಬನಶಂಕರಿ

ಭಾರತಕ್ಕೆ ನಿಂಟೆಂಡೊ ಇ-ಶಾಪ್ ಇಲ್ಲ. ಖಾತೆಯ ದೇಶವನ್ನು ಅಮೆರಿಕ ಎಂದೋ ಬೇರೆ ದೇಶವೆಂದೋ ಇಟ್ಟಿದ್ದರೆ ಆ ದೇಶದ ಅಂಗಡಿ ತೆರೆಯುತ್ತದೆ, ಇಲ್ಲಿನ ಕಾರ್ಡ್ ಅಲ್ಲಿ ನಡೆಯುತ್ತದೆಂದು ನಂಬಿ ಕೂರಬೇಡಿ. ಅದೇ ದೇಶದ ಇ-ಶಾಪ್ ಗಿಫ್ಟ್ ಕೋಡ್ ತರಿಸುವುದು ಸುಲಭ. ಅಮೆರಿಕದ ಕೋಡ್ ಬ್ರಿಟನ್ನಿನ ಖಾತೆಗೆ ಹತ್ತುವುದಿಲ್ಲ. ಖಾತೆಯಲ್ಲಿ ಚಿಲ್ಲರೆ ಉಳಿದಿದ್ದರೆ ದೇಶ ಬದಲಿಸಲೂ ತೊಡಕು. ಆದ್ದರಿಂದ ಮೊದಲ ದಿನವೇ ಒಂದು ದೇಶ ಗಟ್ಟಿ ಮಾಡಿಕೊಳ್ಳಿ, ನೆಂಟರು ಎಲ್ಲಿದ್ದಾರೋ ಆ ದೇಶವಾದರೆ ಅನುಕೂಲ. ಕಾರ್ಟ್ರಿಜ್‌ಗಳಿಗೆ ಈ ಗಡಿಯ ಕಾಟವಿಲ್ಲ, ಎಲ್ಲಿ ಕೊಂಡದ್ದೂ ನಡೆಯುತ್ತದೆ. ಆದರೆ ಡಿಎಲ್‌ಸಿ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಕೊಳ್ಳುವಾಗ ಕಾರ್ಟ್ರಿಜ್‌ನ ಪ್ರದೇಶ, ಖಾತೆಯ ಪ್ರದೇಶ ಒಂದೇ ಇದ್ದರೆ ಕ್ಷೇಮ.

ಪ್ರಶ್ನೆ: ಹಳೆಯ ಯಂತ್ರದ ಆಟ, ಸೇವ್ ಎಲ್ಲ ಹೊಸದಕ್ಕೆ ಸಾಗಿಸುವುದು ಹೇಗೆ? — ಹೆಬ್ಬಾಳ

ಹಳೆಯದನ್ನು ಅಪ್‌ಡೇಟ್ ಮಾಡಿ, ಎರಡಕ್ಕೂ ಚಾರ್ಜರ್ ಸಿಕ್ಕಿಸಿ, ಅಕ್ಕಪಕ್ಕ ಇಡಿ. ಹೊಸದನ್ನು ಮೊದಲ ಬಾರಿ ಆನ್ ಮಾಡಿದಾಗ ವರ್ಗಾವಣೆಯ ಆಯ್ಕೆ ಬರುತ್ತದೆ. ಅದನ್ನು ದಾಟಿ ಮುಂದೆ ಹೋದರೆ ಇಡೀ ವ್ಯವಸ್ಥೆಯ ವರ್ಗಾವಣೆಗೆ ಯಂತ್ರವನ್ನು ಮತ್ತೆ ಕಾರ್ಖಾನೆ ಸ್ಥಿತಿಗೆ ತರಬೇಕಾಗುತ್ತದೆ. ಮಕ್ಕಳು ಪೆಟ್ಟಿಗೆ ಒಡೆದು ಅವಸರದಲ್ಲಿ ಒತ್ತುವುದು ಇಲ್ಲೇ. ಹಳೆಯದನ್ನು ಮಾರುವವರಿದ್ದರೆ ಸರ್ವರ್‌ಗೆ ಏರಿಸಿಡುವ ದಾರಿಯೂ ಇದೆ, ಆದರೆ ಹಾಗೆ ಏರಿಸಿದ ಮೇಲೆ ಹಳೆಯದು ಪೂರ್ತಿ ಅಳಿಸಿಹೋಗುತ್ತದೆ. ಕಾರ್ಡಿನಲ್ಲಿದ್ದ ಡಿಜಿಟಲ್ ಆಟಗಳು ಸಾಗುವುದಿಲ್ಲ, ಹೊಸದಾಗಿ ಇಳಿಸಬೇಕು.

ಪ್ರಶ್ನೆ: ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಮೆಟ್ರೊದಲ್ಲಿ ಬ್ಯಾಟರಿ ಬರುತ್ತದೆಯೇ? — ಕಾಡುಗೋಡಿ

ಹೋಗುವಾಗ ಬರುತ್ತದೆ, ವಾಪಸಿಗೆ ಹೇಳಲಾಗದು. 5,220 ಎಂಎಎಚ್ ಬ್ಯಾಟರಿಗೆ ಕಂಪನಿ ಹೇಳುವುದು 2ರಿಂದ 6.5 ಗಂಟೆ. ಭಾರದ ಆಟಗಳು ಕೆಳಗಿನ ಅಂಚಿನಲ್ಲೇ ನಿಲ್ಲುತ್ತವೆ. 30 ವ್ಯಾಟ್ ಪಿಡಿ ಪವರ್‌ಬ್ಯಾಂಕ್ ಇದ್ದರೆ ಆಡುತ್ತಲೇ ಚಾರ್ಜ್ ಮಾಡಬಹುದು. ಯುಎಸ್‌ಬಿ ಸಿ ಪೋರ್ಟ್ ಮೇಲೂ ಒಂದಿದೆ, ಕೆಳಗೂ ಒಂದಿದೆ, ಮೇಲಿನದಕ್ಕೆ ಹಾಕಿದರೆ ತಂತಿ ಮಡಿಲಿಗೆ ಒತ್ತುವುದಿಲ್ಲ. ಸದಾ ಡಾಕಿನಲ್ಲೇ ಇಡುವವರು ಸೆಟ್ಟಿಂಗ್ಸ್‌ನಲ್ಲಿ 90%ಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಹಾಕಿಕೊಳ್ಳಿ. ಬ್ಯಾಟರಿ ಅಂಟಿನಲ್ಲಿ ಕೂತಿದೆ, ಬದಲಿಸುವುದು ರಗಳೆ.

ಪ್ರಶ್ನೆ: ಪರದೆಯ ಮೇಲಿನ ಪ್ಲಾಸ್ಟಿಕ್ ಅಂಚು ಎದ್ದಿದೆ, ಕೀಳಬಹುದೇ? — ಬಸವೇಶ್ವರನಗರ

ಕೀಳಬೇಡಿ. ಗಾಜು ಒಡೆದರೆ ಚೂರು ಹಾರದಂತೆ ಕಾರ್ಖಾನೆಯಲ್ಲೇ ಅಂಟಿಸಿದ ಪದರ ಅದು. ಟೆಂಪರ್ಡ್ ಗ್ಲಾಸ್ ಬೇಕಿದ್ದರೆ ಅದರ ಮೇಲೆಯೇ ಹಾಕಿ.

ಪ್ರಶ್ನೆ: ಕಡ್ಡಿ ತಾನಾಗಿ ಓಡುವ ಹಳೆಯ ರೋಗ ಇದರಲ್ಲೂ ಇದೆಯೇ? ರಿಪೇರಿ ಎಲ್ಲಿ? — ಕೋರಮಂಗಲ

ಹೊಸ ಕಡ್ಡಿ ದೊಡ್ಡದು, ನುಣುಪಾಗಿದೆ. ಆದರೆ ಅಯಸ್ಕಾಂತದಿಂದ ಸ್ಥಾನ ಅಳೆಯುವ ಹಾಲ್ ಎಫೆಕ್ಟ್ ಬಗೆಯದಲ್ಲ ಎಂದು ಕಂಪನಿಯೇ ಹೇಳಿದೆ. ಉಜ್ಜಾಡುವ ಭಾಗವಿರುವ ತನಕ ಸವೆತ ಇದ್ದೇ ಇರುತ್ತದೆ, ನಮ್ಮೂರಿನ ರಸ್ತೆಧೂಳು ಅದಕ್ಕೆ ಗೊಬ್ಬರ. ಆಡದಿದ್ದಾಗ ಮುಚ್ಚಿಡಿ. ಕಡ್ಡಿಯ ಬುಡಕ್ಕೆ ಡಬ್ಲ್ಯುಡಿ-40 ಹೊಡೆಯಬೇಡಿ. ಚಲನೆ ತಪ್ಪಿದರೆ ಮೊದಲು ಕ್ಯಾಲಿಬ್ರೇಶನ್ ಮಾಡಿ ನೋಡಿ.

ಇಲ್ಲಿ ಅಧಿಕೃತ ಸೇವಾಕೇಂದ್ರವಿಲ್ಲ, ವಾರಂಟಿ ಕೊಂಡ ದೇಶದ್ದು. ಐಫಿಕ್ಸಿಟ್ ಸಂಸ್ಥೆ ಬಿಚ್ಚಿ ನೋಡಿ ರಿಪೇರಿಯ ಸುಲಭತೆಗೆ ಹತ್ತಕ್ಕೆ ಮೂರು ಅಂಕ ಕೊಟ್ಟಿತು. ಎಸ್.ಪಿ. ರಸ್ತೆಯ ಕೈಚಳಕದವರು ಬಿಚ್ಚಿಯಾರು, ಬಿಡಿಭಾಗ ಎಲ್ಲಿಂದ ತರಿಸುತ್ತಾರೆ ಎಂದು ಮೊದಲು ಕೇಳಿ. ಜೋಡಿ ಜಾಯ್‌ಕಾನ್ ಹೊಸದು ತರಿಸುವುದೇ ಎಷ್ಟೋ ಸಲ ಲೇಸು.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಕೊಳ್ಳಬಾರದೇ? — ಆರ್.ಟಿ. ನಗರ

ಧಾರಾಳವಾಗಿ ಕೊಳ್ಳಿ. ಟಿವಿಯ ಮುಂದೆ ಮಾತ್ರ ಆಡುವವರಿಗೆ, ಕ್ರಿಕೆಟ್, ಫುಟ್ಬಾಲ್, ಕಾರುಗಳ ದೊಡ್ಡ ಆಟ ಬೇಕಿದ್ದವರಿಗೆ ಅದೇ ಸರಿ. ತೆಳ್ಳಗಿನ ಪಿಎಸ್5 2024ರ ಏಪ್ರಿಲ್‌ನಲ್ಲಿ ಇಲ್ಲಿ ಬಿಡುಗಡೆಯಾದಾಗ ಡಿಸ್ಕ್ ಇದ್ದದ್ದಕ್ಕೆ 54,990, ಇಲ್ಲದ್ದಕ್ಕೆ 44,990 ರೂಪಾಯಿ. ರೂಪಾಯಿಯ ಅಂಗಡಿ, ಇಲ್ಲಿನ ವಾರಂಟಿ, ಇಲ್ಲಿನ ಪ್ಲಗ್ಗು. 2024ರ ನವೆಂಬರಿನ ಪಿಎಸ್5 ಪ್ರೊ ಮಾತ್ರ ಭಾರತಕ್ಕೆ ಬರಲಿಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ಆಗ ಇಲ್ಲಿ ಅನುಮತಿ ಇರಲಿಲ್ಲ ಎಂಬುದು ಸೋನಿ ಕೊಟ್ಟ ಕಾರಣ. ಸ್ವಿಚ್ 2ರಲ್ಲಿರುವುದು ವೈಫೈ 6, ಮನೆಯ 2.4 ಮತ್ತು 5 ಗಿಗಾಹರ್ಟ್ಸ್ ರೂಟರಿನಲ್ಲಿ ಏನೂ ತಕರಾರಿಲ್ಲ. ಚಿಕ್ಕ ಮಕ್ಕಳು, ಮನೆಮಂದಿ ನಾಲ್ವರು ಒಟ್ಟಿಗೆ ಕೂತು ಆಡುವುದು ಎಂದರೆ ಮಾತ್ರ ನಮ್ಮ ಮತ ಸ್ವಿಚ್ 2ಕ್ಕೆ.

ಪ್ರಶ್ನೆ: ಮಳೆ ಬಂದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಯುಪಿಎಸ್ ಬೇಕೇ? — ಕೆಂಗೇರಿ

ಈ ಒಂದು ವಿಷಯದಲ್ಲಿ ಸ್ವಿಚ್ 2 ಬೆಸ್ಕಾಂಗೆ ಹೇಳಿ ಮಾಡಿಸಿದ್ದು. ಕರೆಂಟ್ ಹೋದರೆ ಟಿವಿ ಆರುತ್ತದೆ, ಆಟ ಆರುವುದಿಲ್ಲ. ಡಾಕಿನಿಂದ ಎತ್ತಿಕೊಂಡು ಬ್ಯಾಟರಿಯಲ್ಲಿ ಮುಂದುವರಿಸಿ. ಇನ್ವರ್ಟರ್ ಇದ್ದರೆ ಅಡಾಪ್ಟರಿನ ಹೊರೆ ಹೆಚ್ಚೆಂದರೆ 60 ವ್ಯಾಟ್ ಸುತ್ತಮುತ್ತ, ಸೈನ್ ವೇವ್ ಬಗೆಯದಾದರೆ ಒಳ್ಳೆಯದು. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಅಡಾಪ್ಟರ್ ಪ್ಲಗ್ ಕಿತ್ತಿಡುವುದರ ಜೊತೆಗೆ ಲ್ಯಾನ್ ತಂತಿಯನ್ನೂ ಕಳಚಿ, ಸಿಡಿಲಿನ ಹೊಡೆತ ರೂಟರ್ ದಾರಿಯಲ್ಲೂ ಬರುತ್ತದೆ. ಬೇಸಗೆಯ ಬಗ್ಗೆಯೂ ಒಂದು ಮಾತು: ಬಳಕೆಗೆ ಹೇಳಿರುವ ಮೇಲಿನ ಮಿತಿ 35 ಡಿಗ್ರಿ. ಡಾಕಿನೊಳಗೂ ಫ್ಯಾನ್ ಇದೆ, ಅದಕ್ಕೆ ಗಾಳಿ ಬೇಕು. ಗಾಜಿನ ಬಾಗಿಲಿನ ಷೋಕೇಸಿನಿಂದ ಹೊರಗಿಟ್ಟು, ಹಿಂದೆ ಒಂದು ಗೇಣು ಜಾಗ ಬಿಡಿ.